ಸಿದ್ಧಕಟ್ಟೆಯ ಹೆಮ್ಮೆ

ಸಿದ್ಧಕಟ್ಟೆ ಪೇಟೆಯಲ್ಲಿ ಬಸ್ಸಿಳಿದ ದೀಕ್ಷಿತಾಗೆ ಮೊದಲು ಕಂಡದ್ದು ತನ್ನದೇ ಮುಖ. ರಾಷ್ಟ್ರೀಯ ವೇಟ್‌ಲಿಫ್ಟಿಂಗ್‌ನಲ್ಲಿ ಚಿನ್ನ ಗೆದ್ದ ಮೇಲೆ ಊರವರು ಹಾಕಿಸಿದ ಫ್ಲೆಕ್ಸ್. 'ತಾಲೂಕಿನ ಹೆಮ್ಮೆಯ ಸಾಧಕರು' ಎಂದು ಮುಂಬಯಿಯ ಹೋಟೆಲ್ ಮಾಲಕರು, ದುಬೈಯ ಡಾಕ್ಟರು, ಕೊನೆಗೆ ಅವಳು. ಎಲ್ಲರಿಗಿಂತ ದೊಡ್ಡದಾಗಿ, ಕೈಮುಗಿದು ನಗುತ್ತಿದ್ದವನು ಸನ್ಮಾನ ಸಮಿತಿಯ ಅಧ್ಯಕ್ಷ ಜಯಪ್ರಕಾಶ್.

ಆ ನಗು ನೋಡಿ ಅವಳ ಮೈಯೆಲ್ಲ ಉರಿದುಹೋಯಿತು.

ಅವಳಿಗೆ ಭಾರ ಎತ್ತಲು ಕಲಿಸಿದವರು ಪಾಣೆಮಂಗಳೂರಿನ ಅಬ್ದುಲ್ ರವೂಫ್, ಅವಳ ಬಾಯಲ್ಲಿ ರವೂಫಾಕ. ಒಂದು ಕಾಲದಲ್ಲಿ ರಾಜ್ಯ ತಂಡದಲ್ಲಿದ್ದವರು, ಈಗ ಟಯರ್ ಅಂಗಡಿ. ಅಂಗಡಿಯ ಹಿಂದಿನ ಶೆಡ್ಡಿನಲ್ಲೇ ಅವಳ ಅಭ್ಯಾಸ. ಎರಡು ವರ್ಷದ ಹಿಂದೆ ಒಂದು ಸಂಜೆ ಮಳೆ ಬಂತೆಂದು ಅವಳನ್ನು ಸ್ಕೂಟರಿನಲ್ಲಿ ಬಂಟ್ವಾಳದ ಬಸ್ಸಿಗೆ ಬಿಡಲು ಹೊರಟಿದ್ದರು. ಸೇತುವೆಯ ಮೇಲೆ ಬೈಕುಗಳು ಅಡ್ಡ ಬಂದವು.

"ನಿನಗೆ ನಮ್ಮ ಹುಡುಗಿಯೇ ಬೇಕಾ?" ಎಂದು ಜಯಪ್ರಕಾಶ್ ಆ ನರೆಗಡ್ಡದ ಕೆನ್ನೆಗೆ ಬಾರಿಸಿದ್ದ. ರವೂಫ್ ಸ್ಕೂಟರ್ ತಳ್ಳಿಕೊಂಡು ವಾಪಸು ಹೋಗಿದ್ದರು.

ಈಗ ಸನ್ಮಾನದ ವೇದಿಕೆಯಲ್ಲಿ ಅದೇ ಜಯಪ್ರಕಾಶ್ ಮೈಕಿನ ಮುಂದೆ ನಿಂತಿದ್ದ. "ಈ ಹುಡುಗಿಗೆ ಮೊದಲಿನಿಂದಲೂ ಬೆನ್ನೆಲುಬಾಗಿ ನಿಂತದ್ದು ನಾವು!"

ಚಪ್ಪಾಳೆ ಬಿತ್ತು. ಅವನು ಶಾಲು ಹೊದಿಸಲು ಬಂದಾಗ ದೀಕ್ಷಿತಾ ಅವನ ಕೈ ತಡೆದು ಮೈಕಿಗೆ ಬಾಯಿಟ್ಟಳು.

"ಜಯಪ್ರಕಾಶಣ್ಣ, ನನಗೆ ಕಲಿಸಿದ್ದು ಪಾಣೆಮಂಗಳೂರಿನ ರವೂಫಾಕ. ಸೇತುವೆಯಲ್ಲಿ ನೀವು ಅವರ ಕೆನ್ನೆಗೆ ಹೊಡೆದದ್ದು ನೆನಪುಂಟಾ? ಮೊದಲು ಹೋಗಿ ಅವರ ಹತ್ರ ಕ್ಷಮೆ ಕೇಳಿ. ಶಾಲಿನ ವಿಷಯ ಆಮೇಲೆ ನೋಡುವ."

ಯಾರೋ ಮೈಕ್ ಬಂದ್ ಮಾಡಿದರು. ಅವಳು ವೇದಿಕೆ ಇಳಿದಳು. ಮುಂದಿನ ಸಾಲಿನಲ್ಲಿದ್ದ ಅಪ್ಪ ಮುಂಡಪ್ಪ ತಲೆ ಎತ್ತಲಿಲ್ಲ. ಮನೆ ಸೇರಿದ ಮೇಲೆ, "ನಾವು ಈ ಊರಲ್ಲೇ ಇರಬೇಕಲ್ಲ ಮಗಾ" ಎಂದಷ್ಟೇ ಹೇಳಿದರು.

ರವೂಫಾಕನಿಗಾದರೂ ಸಮಾಧಾನವಾಗಿರಬಹುದು ಎಂದುಕೊಂಡು ಮರುದಿನ ಅಂಗಡಿಗೆ ಹೋದಳು. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದರು.

"ಯಾರು ಹೇಳಿದ್ದು ನಿನಗೆ ಮಾತಾಡ್ಲಿಕ್ಕೆ? ನೀನು ತರಬೇತಿ ಕ್ಯಾಂಪಿಗೆ ಹೋಗ್ತೀ. ಇಲ್ಲಿ ಅಂಗಡಿ ತೆರೆದು ಕೂತ್ಕೊಳ್ಳಬೇಕಾದವ ನಾನು. ಪೆಟ್ಟು ತಿಂದದ್ದು ನಾನು. ಅದನ್ನು ಹೇಳುವುದಾ ಬಿಡುವುದಾ ಅಂತ ನೀನ್ಯಾರು ತೀರ್ಮಾನ ಮಾಡ್ಲಿಕ್ಕೆ?"

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ರಸ್ತೆಯಾಚೆ ಎರಡು ಬೈಕು ನಿಲ್ಲಿಸಿಕೊಂಡು ಸಮಿತಿಯ ಹುಡುಗರು ಅಂಗಡಿಯನ್ನೇ ನೋಡುತ್ತಿದ್ದರು. ಪಂಕ್ಚರ್ ಹಾಕಿಸಲು ಬಂದ ರಿಕ್ಷಾದವನು ಅವರನ್ನು ನೋಡಿ ಹಾಗೆಯೇ ಮುಂದೆ ಹೋದ.

ದೀಕ್ಷಿತಾ ಹಳೆಯ ಲಾರಿ ಟಯರೊಂದನ್ನು ಉರುಳಿಸಿ ತಂದು, ಅಂಗಡಿಯ ಎದುರಿಗೇ ಅಡ್ಡ ಹಾಕಿ, ಅದರ ಮೇಲೆ ಕೂತಳು.

"ಇದೆಂತ ಮಾಡ್ತಿದ್ದಿ?"

"ಕ್ಯಾಂಪ್ ಶುರುವಾಗುವವರೆಗೆ ದಿನಾ ಬಂದು ಕೂತ್ಕೊಳ್ತೇನೆ. ಹೊಡೆಯುವವರು ಮೊದಲು ನನಗೆ ಹೊಡೆಯಲಿ. ನೀವು ಬೇಕಾದಷ್ಟು ಬೈಯಿರಿ."

ರವೂಫ್ ಬೈದರು. ಗಂಟಲು ಕಟ್ಟುವವರೆಗೂ ಬೈದರು. ಒಳಗಿನಿಂದ ಅವರ ಹೆಂಡತಿ ಶಹರ್ಬಾನು ಹೊರಬಂದು, ಗಂಡನ ಕಡೆ ನೋಡದೆ, ದೀಕ್ಷಿತಾಳ ಪಕ್ಕದಲ್ಲಿ ಕೂತರು.

"ಸರಿದು ಕೂತ್ಕೋ ಮಗಾ" ಎಂದರು, ಬೈಕುಗಳತ್ತ ದಿಟ್ಟಿಸುತ್ತ. "ಸಿಟ್ಟು ನನಗೂ ಉಂಟು."