ಭುಂಗ್ಯಾನ ಮುಂಗಾಲು

ಕುರಿ ಕಾಯುವ ಧುಳಾ ಧನಗರನ ನಾಯಿ ಭುಂಗ್ಯಾ ಫಲಟಣದಲ್ಲಿ ಒಮ್ಮೆ ಬೊಗಳಿದರೆ ಸಾತಾರಾದ ತೋಳಗಳು ಮರಿಗಳನ್ನು ಕಚ್ಚಿಕೊಂಡು ಜಿಲ್ಲೆ ಬಿಡುತ್ತಿದ್ದವು. ಸುಳ್ಳೆನ್ನುವವರು ತೋಳಗಳನ್ನೇ ಕೇಳಿಕೊಳ್ಳಿ. ಅಂಥ ನಾಯಿ ಈಗ ದನದ ಡಾಕ್ಟರ ಮೇಜಿನ ಮೇಲೆ ಮುಂಗಾಲು ಚಾಚಿ ಬಿದ್ದಿತ್ತು. ಬೆರಳ ಸಂದಿಯಲ್ಲಿ ಬದನೆಕಾಯಿ ಗಾತ್ರದ ಗಂಟು; ಧುಳಾನ ಕಣ್ಣಿಗಂತೂ ಅಷ್ಟು ಕಂಡಿತ್ತು.

"ಇದರ ಬುಡಕ್ಕ ದಾರ ಬಿಗದೋರು ಯಾರು?" ಡಾಕ್ಟರು ಕೇಳಿದರು.

"ದಾರ ಅಲ್ಲರೀ ಸಾಹೇಬ್ರ, ಕುದುರಿ ಬಾಲದ ಕೂದಲ. ಕುರಿಗೆ ನರೂಲಿ ಎದ್ರ ಹಿಂಗಾ ಕಟ್ತೀವಿ. ತಾನಾ ಉದುರತೈತಿ."

"ಉದುರಿತೇನು?"

ಉದುರಿರಲಿಲ್ಲ. ಗಂಟು ಒಡೆದು, ಊದಿ, ಪಕ್ಕದ ಬೆರಳಿಗೂ ಹಬ್ಬಿತ್ತು.

"ಕೆಟ್ಟ ಗಂಟಿನಂಗ ಕಾಣಸ್ತದ. ಎರಡು ಬೆರಳು ತಗೀಬೇಕು. ಒಳಗ ಇಳಿದಿದ್ರ ಕಾಲಾ ತಗೀಬೇಕಾದೀತು. ಆದ್ರೂ ಉಳೀತದಂತ ಮಾತು ಕೊಡಾಂಗಿಲ್ಲ."

"ಬಿಟ್ರ?"

"ಬಿಟ್ರ ನಾಯಿ ಹೋಗ್ತದ."

ದೀಪಾವಳಿ ಮುಗಿದಿತ್ತು. ಧುಳಾನ ಹಿಂಡು ಜೊತೆಗಾರ ಕುರಿಗಾರರೊಂದಿಗೆ ಅಂದೇ ಮೇವಿಗಾಗಿ ಕೊಂಕಣದ ದಾರಿ ಹಿಡಿಯುವುದಿತ್ತು. ಕಾಲು ಕುಯ್ಯಿಸಿದರೆ ಭುಂಗ್ಯಾ ಗಾಯ ಮಾಯುವತನಕ ಈ ಆಸ್ಪತ್ರೆಯಲ್ಲೇ ಉಳಿಯಬೇಕು. ಕುರಿಯ ವಾಸನೆ ಇಲ್ಲದ ಕಡೆ ಒಂದು ತುತ್ತು ಮುಟ್ಟಿದ ನಾಯಿಯಲ್ಲ ಅದು.

"ನೀನಾ ಹೇಳ ಹೌಸಾ," ಎಂದ ಹೆಂಡತಿಗೆ.

"ಟಗರಿನ ಕೊಂಬು ಹಿಡದು ಗುಡ್ಡದಾಚೆ ಒಗೀತೀನಂತ ಊರೆಲ್ಲಾ ಸಾರ್ಕೋಂತ ಅಡ್ಡಾಡ್ತೀರಿ, ಈಗ ನನ್ನ ಕೇಳ್ತೀರೇನು? ಕೂದಲ ಕಟ್ಟುಮುಂದ ಕೇಳಿದ್ರೇನು?" ಎಂದವಳು, ಸೆರಗನ್ನು ಬಾಯಿಗೊತ್ತಿ ಗೋಡೆಗೆ ತಿರುಗಿದಳು.

"ಭುಂಗ್ಯಾ, ನೀನರ ಹೇಳೋ ಅಪ್ಪಾ."

ನಾಯಿ ಅವನ ಕೈ ನೆಕ್ಕಿತು. ಕೂದಲು ಬಿಗಿದ ಕೈಯನ್ನೇ.

"ಕುಯ್ರಿ," ಎಂದ. ಡಾಕ್ಟರು ಸೂಜಿ ಎತ್ತಿದರು. "ತಡೀರಿ, ತಡೀರಿ," ಎಂದ. ಕಡೆಗೆ, ಯಾರಿಗೂ ಕೇಳಿಸದಂತೆ, "ಕುಯ್ರಿ."

ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಗಂಟೆಗಳು ಕೇಳಿಸಿದವು. ಹಿಂಡು ಹೊರಟಿತ್ತು. ಭುಂಗ್ಯಾ ಮೂರು ಕಾಲಿನ ಮೇಲೆ ದಡಕ್ಕನೆ ಎದ್ದಿತು.

"ಹಿಡ್ಕೋರಿ!" ಡಾಕ್ಟರು ಕೂಗಿದರು.

ಒಂದೇ ಕೈಲಿ ಐವತ್ತು ಟಗರು ಕೆಡವಿದ ಧುಳಾ, ಮೈಭಾರವನ್ನೆಲ್ಲ ಹಾಕಿ ನಾಯಿಯನ್ನು ಒತ್ತಿ ಹಿಡಿದ. ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿದ. ಸೂಜಿ ಇಳಿಯಿತು. ಕಾಲುಗಳು ಸಡಿಲಾದವು, ಮಂಪರಿನಲ್ಲಿ ಕಣ್ಣು ಮುಚ್ಚಿಕೊಂಡವು.

"ಕುರಿ ದೂರ ಹೋದ್ವು, ಏಳ್ರಿ," ಎಂದಳು ಹೌಸಾ.

ಧುಳಾ ಏಳಲಿಲ್ಲ. ಭುಂಗ್ಯಾನ ಕಿವಿಯೊಂದು ಇನ್ನೂ ರಸ್ತೆಯ ಕಡೆಗೇ ತಿರುಗಿತ್ತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತ.