ಹುಳುಕು ತೆಗೆಯುವ ಗಂಡ

ಕಾಶಿನಾಥ ಹುಳುಕು ತೆಗೆಯುವುದನ್ನು ಬಿಟ್ಟು ಇಪ್ಪತ್ತೆರಡು ದಿನವಾಗಿತ್ತು. ಹೆಂಡತಿ ಗುರುದೇವಿಗೆ ಅದೇ ದೊಡ್ಡ ಸಂಕಟ. ರೊಟ್ಟಿ ಸೀದರೂ ಸುಮ್ಮನೆ ತಿನ್ನುತ್ತಿದ್ದ. ಒಂದು ದಿನ ಬೇಕೆಂದೇ ಪಲ್ಯಕ್ಕೆ ಉಪ್ಪು ಹಾಕದೆ ಬಡಿಸಿದಳು. ಅದನ್ನೂ ತಿಂದು ಕೈ ತೊಳೆದ. ಇಂಥ ಗಂಡನನ್ನು ಏನು ಮಾಡುವುದು?

ಉಪ್ಪಲ್‌ನಲ್ಲಿ ಏಳುತ್ತಿದ್ದ ಕಂಪ್ಯೂಟರ್ ಆಫೀಸಿಗೆ ಆಳುಗಳು ಹತ್ತಿ ನಿಲ್ಲುವ ಬಿದಿರಿನ ಸಾರುವೆ ಕಟ್ಟುವವನು ಅವನು. ತನ್ನ ಗಂಟನ್ನು ಮೂರು ಸಲ ಜಗ್ಗಿ ನೋಡುತ್ತಿದ್ದ, ಬೇರೆಯವರದನ್ನು ನಾಲ್ಕು ಸಲ. ಇಪ್ಪತ್ತೆರಡು ದಿನದ ಹಿಂದೆ ಮೇಸ್ತ್ರಿ ಸಂಗಣ್ಣ, "ಮುದುಕಿ ಹಂಗ ಏನ್ ತಡಕಾಡ್ತೀಯೋ, ನಡಿ" ಅಂದ. ಎಲ್ಲರೂ ನಕ್ಕರು. ಕಾಶಿನಾಥ ನಾಚಿ, ಮೂರನೇ ಅಂತಸ್ತಿನ ಗಂಟು ನೋಡದೆ ಇಳಿದುಬಂದ. ಮಧ್ಯಾಹ್ನ ಅದೇ ಗಂಟು ಬಿಚ್ಚಿ, ಗೆಳೆಯ ಚನ್ನು ಅವನ ಕಣ್ಣೆದುರೇ ಬಿದ್ದು ಸತ್ತ. ಕಟ್ಟಿಸುವವರು ಹಣೆಬರಹ ಅಂದರು. ಕಿಟಕಿಯ ಗಾಜಿಗೆ ಗೀರು ಬೀಳದಂತೆ ಕಂಬಳಿ ಹೊದಿಸುವ ಮಂದಿಗೆ, ಹೊಸ ಹಗ್ಗ ತರಿಸುವುದು ಮಾತ್ರ ಹಣೆಯಲ್ಲಿ ಬರೆದಿರಲಿಲ್ಲ!

ಅಂದಿನಿಂದ ಕಾಶಿನಾಥ ಹಗ್ಗ ಮುಟ್ಟಿರಲಿಲ್ಲ. ಕೆಳಗೆ ಇಟ್ಟಿಗೆ ನೆನೆಸುತ್ತ ಕೂರುತ್ತಿದ್ದ. ಏನಾದರೂ ಧೊಪ್ಪೆಂದು ಬಿದ್ದರೆ ಬೆವರುತ್ತಿದ್ದ.

ಅಲ್ಲೇ ಕೂಲಿಗೆ ಬರುತ್ತಿದ್ದ ಗುರುದೇವಿ ಇವತ್ತು ಗಾರೆಯ ಬುಟ್ಟಿ ಹೊತ್ತು ಸಾರುವೆಗೆ ಕಾಲಿಟ್ಟಳು.

"ಹತ್ತಬ್ಯಾಡ!"

ತಿರುಗಿದಳು. ಕಾಶಿನಾಥ ಬುಡದ ಗಂಟನ್ನು ಜಗ್ಗುತ್ತಿದ್ದ. ಹಗ್ಗ ಅವನ ಮುಷ್ಟಿಯಲ್ಲಿ ಪುಡಿಪುಡಿಯಾಗಿ ಉದುರಿತು.

"ಪ್ಲಾಸ್ಟರ್ ಇವತ್ತ ಮುಗಿಬೇಕೋ ಕಾಶ್ಯಾ. ಬಾಜೂಕ ಸರಿ," ಎಂದ ಸಂಗಣ್ಣ.

"ಅಷ್ಟು ಅರ್ಜೆಂಟ್ ಇದ್ರ ನಿಮ್ಮ ಹೇಣ್ತಿನ ಹತ್ತಸ್ರಿ. ನನ್ನ ಹೇಣ್ತಿ ಹತ್ತಂಗಿಲ್ಲ."

ಬುಟ್ಟಿ ಹೊರುವವರಲ್ಲಿ ಹಿರಿಯಳಾದ ಗುಂಡಮ್ಮ ತನ್ನ ಬುಟ್ಟಿ ಇಳಿಸಿ ಪಕ್ಕದಲ್ಲೇ ಕುಕ್ಕರಿಸಿದಳು. "ನಾನೂ ಹತ್ತಂಗಿಲ್ಲಪಾ. ನನಗಿನ್ನೂ ಮಮ್ಮಗನ ಲಗ್ನ ನೋಡೂದೈತಿ."

ಉಳಿದವರೂ ಕೂತರು. ಸಂಗಣ್ಣ ಬೈಯುತ್ತಲೇ ಹೊಸ ಹಗ್ಗಕ್ಕೆ ಬೇಗಂ ಬಜಾರಿಗೆ ಆಳು ಕಳಿಸಿದ.

ಹಗ್ಗ ಬಂದ ಮೇಲೆ ಬುಡದ ಗಂಟನ್ನು ಕಾಶಿನಾಥನೇ ಕಟ್ಟಿದ. ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಗಂಟು ಬಿತ್ತು. ಮೇಲೆ ನೋಡಿದವನೇ ಉಳಿದ ಹಗ್ಗ ಕೆಳಗಿಟ್ಟ.

"ನನ್ನ ಕೈಲೆ ಆಗಂಗಿಲ್ಲ."

"ನಾ ಹತ್ತತೀನಿ. ನೀವು ಇಲ್ಲೇ ನಿಂತು ಹೇಳ್ರಿ."

ಗುರುದೇವಿ ಒಂದಾಳೆತ್ತರ ಹತ್ತಿ, ಅವನು ಒದರಿದಂತೆ ಹಗ್ಗ ಸುತ್ತಿದಳು.

"ಎಡಕ್ಕ ತಗೋ. ಎಡಕ್ಕಲೇ! ಜಡಿ ಹೆಣಿಯಾಕತ್ತಿಯೇನು?"

"ನಿಮ್ಮವ್ವ ನನಗ ಇದನ್ನ ಕಲಿಸಿಲ್ರಿ!"

"ಜಗ್ಗು. ಸಡಿಲ ಐತಿ."

"ಬಿಗಿ ಐತ್ರಿ."

"ಸಡಿಲ ಅಂದ್ರ ಸಡಿಲ!"

ಸಿಟ್ಟಿನಲ್ಲಿ ಸರಸರನೆ ಹತ್ತಿಬಂದು ಅವಳ ಗಂಟನ್ನು ಬಿಚ್ಚಿ ಹಾಕಿದ. ತಾನೆಲ್ಲಿ ನಿಂತಿದ್ದೇನೆಂಬ ಎಚ್ಚರ ಆಗ ಬಂತೇನೋ, ಬಿದಿರನ್ನು ಅಪ್ಪಿ ಕಣ್ಣು ಮುಚ್ಚಿದ. ಗುರುದೇವಿ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು.

"ಇಳಿಯೋಣೇನ್ರಿ?"

"ತಡಿ. ಹಿಂಗ ಬಿಟ್ಟು ಇಳಿಯಾಕ ಬರತೈತೇನು?"

ಕಣ್ಣು ಮುಚ್ಚಿಕೊಂಡೇ ಕಟ್ಟಿದ. ಮೂರು ಸಲ ಜಗ್ಗಿದ. ಆಮೇಲೆ ಇಳಿದು, ಎಲ್ಲರೆದುರೇ ಕೂತು, ಚನ್ನುವಿನ ಹೆಸರು ಹಿಡಿದು ಅತ್ತ. ಇಷ್ಟು ದಿನ ಒಮ್ಮೆಯೂ ಅತ್ತಿರಲಿಲ್ಲ. ಗುರುದೇವಿ ಬೆನ್ನು ಸವರುತ್ತ ಕೂತಳು.

ಸಂಗಣ್ಣ ದನಿ ತಗ್ಗಿಸಿ ಕೇಳಿದ, "ಮ್ಯಾಲಿಂದು ಯಾರು ಕಟ್ತಾರವಾ?"

"ನಾಳಿಗೆ ನೋಡೂಣ್ರಿ. ಎಷ್ಟು ಹತ್ತತಾರೋ ಅಷ್ಟು ಅವರು ಕಟ್ತಾರ. ಉಳಿದದ್ದು ಅವರು ಹೇಳತಾರ, ನಾ ಕಟ್ತೀನಿ."