ಬರಿಯ ಅಡಿಗಲ್ಲಿಗೆ ಬಿದ್ದ ಪೆಟ್ಟು

ದಿನದ ಮೊದಲ ಪೆಟ್ಟನ್ನು ಕಮ್ಮಾರ ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲಿಗೇ, ಅದರ ಮೇಲೆ ಏನೂ ಇಡದೆ, ಹಾಕುತ್ತಿದ್ದ. ಅದು ದೇವರ ಪಾಲು. ಅಂದು ಹೆಂಡತಿಗೆ ಹೃದಯದ ಆಪರೇಷನ್. ಆಸ್ಪತ್ರೆಗೆ ಹೊರಡುವ ಮುನ್ನ ಅವನು ಸುತ್ತಿಗೆ ಹಿಡಿದಾಗ, ಕರೆದೊಯ್ಯಲು ಬಂದಿದ್ದ ಬಾಮೈದ ಕುಲುಮೆಯ ಬಾಗಿಲಲ್ಲೇ ಸಿಡುಕಿದ.

"ಬನ್ನಿ ಭಾವ, ಹೊತ್ತಾಯ್ತು. ಈ ಟಣ್ ಅನ್ನೋ ಸದ್ದಿಗೆ ಅಕ್ಕ ಉಳೀತಾಳಾ? ನಿಮ್ಮ ದೇವರಿಗೇನು ಕಿವುಡಾ?"

"ಬಾಯ್ಮುಚ್ಚು! ಇನ್ನೊಂದು ಮಾತಾಡಿದ್ರೆ ತಲೆ ಒಡೀತೀನಿ!"

ಸುತ್ತಿಗೆ ಬಾಮೈದನತ್ತ ಎದ್ದೇಬಿಟ್ಟಿತ್ತು. ಅವನ ಮುಖ ಬಿಳಿಚಿಕೊಂಡದ್ದು ಕಂಡು ಕಮ್ಮಾರ ಸುತ್ತಿಗೆಯನ್ನು ಕೆಳಗಿಳಿಸಿದ. ರಾತ್ರಿಯಿಡೀ ಇದೇ ಪ್ರಶ್ನೆಯನ್ನು ಎದೆಯೊಳಗೆ ಅದುಮಿಟ್ಟು ಹೊರಳಾಡಿದವನು ತಾನೇ ಅಲ್ಲವೇ?

"ಗೊತ್ತಿಲ್ಲ ಕಣೋ," ಎಂದ, ದನಿಯಿಳಿಸಿ. "ಕೇಳುತ್ತೋ ಇಲ್ವೋ, ನಂಗೂ ಭಯ. ಆದ್ರೂ ಹೊಡೀತೀನಿ, ಸ್ವಲ್ಪ ತಡಿ."

ಬಾಮೈದ ಮತ್ತೆ ಅವಸರಪಡಿಸಲಿಲ್ಲ.